ಹತ್ತು ವರ್ಷ, 84,000 ಕಿಲೋಮೀಟರ್: ಒಂದು ಸಣ್ಣ ಕಾರಿನ ಪೂರ್ತಿ ಲೆಕ್ಕ

ಕಾರುಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಕಾರು ಹೊಸದಾಗಿರುವಾಗಲೇ ಬರೆದವು. ಎರಡು ಮೂರು ದಿನ ಓಡಿಸಿ, ಎಂಜಿನ್ನಿನ ಎಳೆತ, ಸೀಟಿನ ಹದ, ಡಿಕ್ಕಿಯ ಅಳತೆ, ಲೀಟರಿಗೆ ಸಿಗುವ ಮೈಲೇಜ್ ಇವನ್ನೆಲ್ಲ ಹೇಳಿ ಮುಗಿಸುತ್ತಾರೆ. ಆ ವಿಮರ್ಶೆಗಳಿಂದ ನನಗೂ ಉಪಯೋಗವಾಗಿದೆ; ಅವುಗಳನ್ನು ಓದಿಯೇ ನಾನು ಕಾರು ಆರಿಸಿದ್ದು. ಆದರೆ ಕಾರು ನಮ್ಮಿಂದ ಹಣ ಕೇಳಲು ತೊಡಗುವುದು ಆ ವಿಮರ್ಶೆ ಮುಗಿದ ಮೇಲೆ. ಹೀಗಾಗಿ ಹೊಸದಾಗಿ ಕೊಂಡು, ಹತ್ತು ವರ್ಷ ಇಟ್ಟುಕೊಂಡು, ಈಚೆಗೆ ಮಾರಿದ ನನ್ನ ಸಣ್ಣ ಪೆಟ್ರೋಲ್ ಕಾರನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಕಾರಿನ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಈ ಮಾತುಗಳು ಆ ವರ್ಗದ ಬಹುತೇಕ ಎಲ್ಲ ಕಾರುಗಳಿಗೂ ಸಲ್ಲುತ್ತವೆ.

ಕೊಂಡ ದಿನದಿಂದ ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಖರ್ಚನ್ನೂ ಬರೆದಿಟ್ಟಿದ್ದೇನೆ. ಹಣದ ಬೆಲೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ಮೊತ್ತಗಳನ್ನು ಹೇಳದೆ, ತೆರಿಗೆ, ನೋಂದಣಿ ಎಲ್ಲ ಸೇರಿ ಕಾರು ರಸ್ತೆಗೆ ಇಳಿದಾಗ ಆದ ಬೆಲೆಯನ್ನು 100 ಭಾಗವೆಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಆ ಭಾಗಗಳಲ್ಲೇ ಹೇಳುತ್ತೇನೆ. ಓದುವವರು ತಮ್ಮ ಕಾರಿನ ಬೆಲೆಯನ್ನು ಅಲ್ಲಿಟ್ಟು ಗುಣಿಸಿಕೊಳ್ಳಬಹುದು.

ಕಾರು ಕೊಟ್ಟ ಸೇವೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರ ಬಗ್ಗೆ ನನಗೆ ದೂರುಗಳಿಲ್ಲ. ಹತ್ತು ವರ್ಷದಲ್ಲಿ ಎಂಜಿನ್ ಒಮ್ಮೆಯೂ ದಾರಿಯಲ್ಲಿ ಕೈಕೊಡಲಿಲ್ಲ. ಬ್ರೇಕು ನಂಬಿಕೆಗೆ ಅರ್ಹವಾಗಿತ್ತು. ಸರಾಸರಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟಿತು; ತಯಾರಕರು ಹೇಳಿದ್ದಕ್ಕಿಂತ ಅದು ಕಡಿಮೆಯಾದರೂ, ನಿಂತು ನಿಂತು ಸಾಗುವ ಸಂಚಾರದಲ್ಲಿ ಅಷ್ಟನ್ನೇ ನಾನು ನಿರೀಕ್ಷಿಸಿದ್ದೆ. ನಡುರಾತ್ರಿ ಅಮ್ಮನಿಗೆ ಉಸಿರಾಟದ ತೊಂದರೆಯಾದಾಗ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದ್ದು ಇದೇ ಕಾರು, ಮತ್ತು ಅಂಥ ರಾತ್ರಿಗಳು ಒಂದಕ್ಕಿಂತ ಹೆಚ್ಚಿದ್ದವು. ಆ ಉಪಕಾರಕ್ಕೆ ನಾನು ಬೆಲೆ ಕಟ್ಟಲಾರೆ, ಕಟ್ಟಲು ಪ್ರಯತ್ನಿಸುವುದೂ ಇಲ್ಲ. ನನ್ನ ಆಕ್ಷೇಪ ಇರುವುದು ಬೇರೆ ಕಡೆ: ಕೊಳ್ಳುವಾಗ ನಾನು ಮಾಡಿಕೊಂಡ ಲೆಕ್ಕದ ವಿಧಾನವೇ ತಪ್ಪಾಗಿತ್ತು, ಮತ್ತು ಮಾರುವವರಾಗಲಿ, ಸಾಲ ಕೊಟ್ಟವರಾಗಲಿ, ಸಲಹೆ ಕೊಟ್ಟ ಬಂಧುಗಳಾಗಲಿ ಯಾರೂ ಅದನ್ನು ತಿದ್ದಲಿಲ್ಲ.

ಆ ತಪ್ಪು ಇಷ್ಟೇ. ಕಾರಿನ ಖರ್ಚೆಂದರೆ ಓಡಿಸಿದ ದೂರದ ಖರ್ಚು ಎಂದು ನಾನು ತಿಳಿದಿದ್ದೆ. ಕಡಿಮೆ ಓಡಿಸಿದರೆ ಕಡಿಮೆ ಖರ್ಚು, ಹೆಚ್ಚು ಓಡಿಸಿದರೆ ಹೆಚ್ಚು ಖರ್ಚು ಎಂಬುದು ಸಹಜವಾಗಿ ತೋರುವ ಮಾತು. ಹತ್ತು ವರ್ಷದ ಪುಸ್ತಕವನ್ನು ಕೂಡಿಸಿ ನೋಡಿದಾಗ, ಒಟ್ಟು ಖರ್ಚಿನ ಮೂರರಲ್ಲಿ ಎರಡು ಪಾಲು ದೂರಕ್ಕೆ ಸೇರದೆ ಕಾಲಕ್ಕೆ ಸೇರಿತ್ತು. ಕಾರು ಮನೆಯ ಮುಂದೆ ನಿಂತಿದ್ದರೂ ಆ ಹಣ ಹೋಗುತ್ತಲೇ ಇರುತ್ತಿತ್ತು. ದಿನಕ್ಕೆ ಒಂದು ಗಂಟೆ ಕಾರು ಓಡಿಸುವವರ ಕಾರು ಉಳಿದ ಇಪ್ಪತ್ತಮೂರು ಗಂಟೆ ನಿಂತೇ ಇರುತ್ತದೆ. ನನ್ನ ಬಳಕೆಯೂ ಹೆಚ್ಚುಕಡಿಮೆ ಅಷ್ಟೇ.

ಈ ಕಾಲದ ಖರ್ಚುಗಳಲ್ಲಿ ದೊಡ್ಡದು ಸವಕಳಿ, ಎಂದರೆ ಕಾರಿನ ಬೆಲೆ ಇಳಿಯುವುದು. ಇದಕ್ಕೆ ಯಾರೂ ಬಿಲ್ಲು ಕಳಿಸುವುದಿಲ್ಲ, ಬ್ಯಾಂಕ್ ಖಾತೆಯಿಂದ ಅದರ ಹೆಸರಿನಲ್ಲಿ ಹಣ ಹೋಗುವುದಿಲ್ಲ, ಆದ್ದರಿಂದ ಅದು ಖರ್ಚೆಂದು ಅನ್ನಿಸುವುದೇ ಇಲ್ಲ. ನನ್ನ ಪುಸ್ತಕದಲ್ಲೂ ಮೊದಲ ಆರು ವರ್ಷ ಅದಕ್ಕೊಂದು ಸಾಲು ಇರಲಿಲ್ಲ. ನನ್ನ ಕಾರಿನ ಮರುಮಾರಾಟದ ಬೆಲೆ ವರ್ಷಕ್ಕೆ ಶೇಕಡ 15ರಷ್ಟು ಇಳಿಯಿತೆಂದು ಹಿಡಿದರೆ ವಾಸ್ತವಕ್ಕೆ ಸರಿಯಾಗಿಯೇ ಹೊಂದುತ್ತದೆ. ಹಾಗೆ ಇಳಿದಾಗ ಮೊದಲ ವರ್ಷವೇ 15 ಭಾಗ ಹೋಗುತ್ತದೆ, ಐದು ವರ್ಷಕ್ಕೆ ಉಳಿಯುವುದು 44 ಭಾಗ, ಹತ್ತು ವರ್ಷಕ್ಕೆ ಸುಮಾರು 20 ಭಾಗ. ನಾನು ಮಾರಿದ್ದು 20 ಭಾಗಕ್ಕೇ. ಎಂದರೆ 80 ಭಾಗ ಎಲ್ಲಿಯೂ ರಸೀದಿಯಿಲ್ಲದೆ ಕರಗಿತು. ಹೆಚ್ಚು ಓಡಿದ ಕಾರಿಗೆ ಬೆಲೆ ಇನ್ನಷ್ಟು ಕಡಿಮೆ ಎಂಬುದು ನಿಜ, ಆದರೆ ಆ ವ್ಯತ್ಯಾಸ ಜನ ಎಣಿಸುವಷ್ಟು ದೊಡ್ಡದಲ್ಲ. ನನ್ನ ಕಾರನ್ನು ನೋಡಲು ಬಂದವರೆಲ್ಲರೂ ಮೊದಲು ಕೇಳಿದ್ದು ಯಾವ ವರ್ಷದ್ದು ಎಂದು. ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಆಮೇಲಿನ ಪ್ರಶ್ನೆ. ಶೋರೂಮಿನಲ್ಲಿ ಉತ್ಸಾಹದಿಂದ ಹಾಕಿಸಿಕೊಂಡ ಸೀಟ್ ಕವರು, ಅಲಂಕಾರದ ಪಟ್ಟಿ, ದುಬಾರಿ ಸ್ಟೀರಿಯೋ ಇವುಗಳಿಗೆ ಕೊಳ್ಳುವವರು ಒಂದು ಭಾಗವನ್ನೂ ಕೊಡಲಿಲ್ಲ.

ಎರಡನೆಯದು ಸಾಲ. ನಾನು 20 ಭಾಗ ಕೈಯಿಂದ ಹಾಕಿ, 80 ಭಾಗವನ್ನು ವರ್ಷಕ್ಕೆ ಶೇಕಡ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ತೆಗೆದುಕೊಂಡೆ. ತಿಂಗಳ ಕಂತು ಕಡಿಮೆಯಾಗಲಿ ಎಂಬ ಒಂದೇ ಕಾರಣಕ್ಕೆ ಏಳು ವರ್ಷವನ್ನು ಆರಿಸಿಕೊಂಡೆ, ಮತ್ತು ಸಾಲದ ಮೇಜಿನ ಎದುರು ಕುಳಿತಾಗ ಮಾತೆಲ್ಲ ನಡೆದದ್ದು ಕಂತಿನ ಸುತ್ತಲೇ. ಏಳು ವರ್ಷಕ್ಕೆ ಕಟ್ಟಿದ ಒಟ್ಟು ಬಡ್ಡಿ 28 ಭಾಗ. ಅದೇ ಸಾಲವನ್ನು ಐದು ವರ್ಷಕ್ಕೆ ತೆಗೆದುಕೊಂಡಿದ್ದರೆ ಬಡ್ಡಿ 20 ಭಾಗಕ್ಕಿಂತ ಸ್ವಲ್ಪ ಕಡಿಮೆಯೇ ಆಗುತ್ತಿತ್ತು. ಕೈಯಿಂದ ಹಾಕಿದ 20 ಭಾಗಕ್ಕೂ ಒಂದು ಬೆಲೆಯಿದೆ. ಅದನ್ನು ಶೇಕಡ 7ರ ಠೇವಣಿಯಲ್ಲಿ ಇಟ್ಟಿದ್ದರೆ ಹತ್ತು ವರ್ಷಕ್ಕೆ 39 ಭಾಗ ಆಗುತ್ತಿತ್ತು. ಬಾರದೆ ಹೋದ ಆ 19 ಭಾಗವನ್ನೂ ನಾನು ಕಾರಿನ ಖರ್ಚಿಗೇ ಬರೆದಿದ್ದೇನೆ. ತಿಂಗಳ ಕಂತುಗಳೂ ಹಾಗೆಯೇ ಬೆಳೆಯಬಹುದಾಗಿದ್ದ ಹಣ, ಆದರೆ ಅಷ್ಟು ದೂರ ಲೆಕ್ಕ ಎಳೆಯಲಿಲ್ಲ.

ಸವಕಳಿ ಮತ್ತು ಸಾಲ ಇವೆರಡೂ ಒಟ್ಟಿಗೆ ಕೆಲಸ ಮಾಡುವ ರೀತಿಯನ್ನು ಕೊಳ್ಳುವ ಮೊದಲೇ ಪ್ರತಿಯೊಬ್ಬರೂ ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೂರನೆಯ ವರ್ಷದ ಕೊನೆಗೆ ಬೇರೆ ಊರಿನ ಕೆಲಸವೊಂದು ಬಂದಿತ್ತು, ಕಾರನ್ನು ಮಾರಿಬಿಡುವ ಯೋಚನೆ ಮಾಡಿದೆ. ಅಷ್ಟರಲ್ಲಿ ನಾನು ಮುಂಗಡ 20 ಭಾಗ, ಕಂತುಗಳಲ್ಲಿ 46 ಭಾಗ, ಒಟ್ಟು 66 ಭಾಗ ಕೊಟ್ಟಿದ್ದೆ. ಕಂತಿನ ಮೊದಲ ವರ್ಷಗಳಲ್ಲಿ ಬಡ್ಡಿಯ ಪಾಲು ಕೊನೆಯ ವರ್ಷಗಳಿಗಿಂತ ಹೆಚ್ಚಿರುವುದರಿಂದ ಅಸಲು ಇನ್ನೂ ಸುಮಾರು 52 ಭಾಗ ಬಾಕಿಯಿತ್ತು. ಕಾರಿಗೆ ಸಿಗುತ್ತಿದ್ದ ಬೆಲೆ 61 ಭಾಗ. ಮಾರಿ ಸಾಲ ತೀರಿಸಿದ್ದರೆ ನನ್ನ ಕೈಗೆ ಬರುತ್ತಿದ್ದದ್ದು ಒಂಬತ್ತು ಭಾಗ ಮಾತ್ರ. 66 ಭಾಗ ಕೊಟ್ಟವನ ಪಾಲಿಗೆ ಒಂಬತ್ತು ಭಾಗ ಉಳಿದಿದೆ ಎಂಬುದನ್ನು ಆ ಸಂಜೆ ಮೂರು ಸಲ ಕೂಡಿ ಕಳೆದು ನೋಡಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಕೆಲಸವನ್ನು ನಾನು ಒಪ್ಪಿಕೊಳ್ಳದೆ ಇದ್ದುದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು ಕಾರಣವಾಗಿತ್ತು. ಕೊಂಡ ವಸ್ತುವೊಂದು ಮನುಷ್ಯನ ನಿರ್ಧಾರಗಳನ್ನು ಹೀಗೂ ಕಟ್ಟಿಹಾಕುತ್ತದೆ.

ವಿಮೆಗೆ ಹತ್ತು ವರ್ಷದಲ್ಲಿ 22 ಭಾಗ ಹೋಯಿತು. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುತ್ತದೆ ಎಂದು ನಾನು ಎಣಿಸಿದ್ದೆ. ಇಳಿಯಿತು, ಆದರೆ ಅಷ್ಟು ಬೇಗ ಇಳಿಯಲಿಲ್ಲ, ಏಕೆಂದರೆ ಎದುರಿನವರಿಗೆ ಆಗುವ ಹಾನಿಯ ವಿಮೆ ನನ್ನ ಕಾರು ಹಳತಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಮೊದಲ ವರ್ಷ ಕಾರಿನ ಬೆಲೆಯ ಶೇಕಡ 3ಕ್ಕಿಂತ ಕಡಿಮೆ ಇದ್ದ ಪ್ರೀಮಿಯಂ ಹತ್ತನೆಯ ವರ್ಷದಲ್ಲಿ, ಆಗಿನ ಬೆಲೆಗೆ ಹೋಲಿಸಿದರೆ, ಶೇಕಡ 7ರಷ್ಟಾಗಿತ್ತು. ನಾಲ್ಕನೆಯ ವರ್ಷದಲ್ಲಿ ಹಿಂದಿನ ಬಂಪರ್ ಬಿರಿದಾಗ ವಿಮೆಯಿಂದಲೇ ರಿಪೇರಿ ಮಾಡಿಸಿದೆ. ಅದರಿಂದ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ತಪ್ಪಿಹೋಗಿ, ಮುಂದಿನ ಮೂರು ವರ್ಷ ಹೆಚ್ಚಾಗಿ ಕಟ್ಟಿದ ಪ್ರೀಮಿಯಂ ಆ ಬಂಪರಿನ ರಿಪೇರಿ ಖರ್ಚನ್ನು ಮೀರಿತು. ಸಣ್ಣ ಪೆಟ್ಟುಗಳಿಗೆ ಕ್ಲೇಮ್ ಮಾಡುವ ಮುನ್ನ ಕಳೆದುಕೊಳ್ಳುವ ರಿಯಾಯಿತಿಯನ್ನು ಕೂಡಿ ನೋಡುವುದು ಹತ್ತು ನಿಮಿಷದ ಕೆಲಸ, ನಾನು ಅದನ್ನು ಮಾಡಿರಲಿಲ್ಲ.

ಈಗ ಗ್ಯಾರೇಜಿನ ವಿಷಯಕ್ಕೆ ಬರುತ್ತೇನೆ. ಕಾಲವೂ ಕಾರನ್ನು ಸವೆಸುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಇಲ್ಲಿ. ನನ್ನ ಕಾರಿನ ಎಂಜಿನ್ ಆಯಿಲನ್ನು 10,000 ಕಿಲೋಮೀಟರಿಗೆ ಒಮ್ಮೆ ಅಥವಾ ವರ್ಷಕ್ಕೆ ಒಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕೆಂದು ಕೈಪಿಡಿ ಹೇಳುತ್ತದೆ. ವರ್ಷಕ್ಕೆ 8,400 ಕಿಲೋಮೀಟರ್ ಓಡಿಸುವ ನನಗೆ ಹತ್ತಕ್ಕೆ ಹತ್ತೂ ಸರ್ವೀಸುಗಳು ತಾರೀಕಿನ ಲೆಕ್ಕದಲ್ಲಿಯೇ ಬಂದವು. ಕಡಿಮೆ ಓಡಿದ್ದರಿಂದ ಒಂದನ್ನು ಬಿಟ್ಟುಬಿಡೋಣವೆಂದು ಒಮ್ಮೆ ಅನ್ನಿಸಿದ್ದುಂಟು. ಆದರೆ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಎರಡು ಮೂರು ಕಿಲೋಮೀಟರಿನ ಓಡಾಟಗಳಲ್ಲಿ ತೇವವೂ ಉರಿಯದ ಪೆಟ್ರೋಲೂ ಆಯಿಲಿಗೆ ಸೇರುತ್ತವೆ, ಬಿಸಿ ಸಾಲದೆ ಅವು ಆವಿಯಾಗಿ ಹೋಗುವುದಿಲ್ಲ; ಹೀಗಾಗಿ ಕಡಿಮೆ ಓಡಿದ ಕಾರಿನ ಆಯಿಲು ಕೆಲವೊಮ್ಮೆ ಹೆಚ್ಚು ಓಡಿದ ಕಾರಿನದ್ದಕ್ಕಿಂತ ಬೇಗ ಕೆಡುತ್ತದೆ.

ಬ್ರೇಕ್ ಆಯಿಲಿನ ಸ್ವಭಾವವೂ ಇಂಥದ್ದೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಸ್ಥಿತಿಯಲ್ಲಿ ಅದೇ ದರ್ಜೆಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಸತತವಾಗಿ ಬಳಕೆಯಾಗಿ ಕಾದಾಗ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ಹೆಚ್ಚಿನ ತಯಾರಕರು ಹೇಳುವುದು ಈ ಕಾರಣಕ್ಕೆ, ಕಾರು ಎಷ್ಟು ಓಡಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಕಾರಿನಲ್ಲಿ ಮೊದಲ ಐದು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಅದೇ ಅವಧಿಯಲ್ಲಿ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲದ ಎಂಜಿನ್ ಫ್ಲಶ್, ಎಸಿ ಸುಗಂಧ ಶುದ್ಧೀಕರಣ, ತಳಕ್ಕೆ ಎರಡೆರಡು ಬಾರಿ ಲೇಪನ ಎಂದು ಬಿಲ್ಲಿನಲ್ಲಿ ಸಾಲುಗಳು ಸೇರುತ್ತಲೇ ಇದ್ದವು. ಬೇಡದ್ದನ್ನು ಮಾಡಿ ಹಣ ಪಡೆದದ್ದಕ್ಕಿಂತ, ಜೀವ ಕಾಯುವ ಒಂದು ಕೆಲಸವನ್ನು ಮಾಡದೆ ಬಿಟ್ಟದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಆಮೇಲಿನಿಂದ ಸರ್ವೀಸಿಗೆ ಹೋಗುವಾಗ ಕೈಪಿಡಿಯ ನಿರ್ವಹಣೆ ಪುಟವನ್ನು ಜೊತೆಗೇ ಒಯ್ದು, ಅದರಲ್ಲಿರುವುದನ್ನು ಮಾಡಿಸಿ, ಇಲ್ಲದ್ದನ್ನು ಬೇಡವೆಂದೆ. ಹತ್ತು ವರ್ಷದ ನಿಯಮಿತ ಸರ್ವೀಸಿಗೆ ಒಟ್ಟು 16 ಭಾಗ ಆಯಿತು, ಅದರಲ್ಲಿ ಹೆಚ್ಚಿನದು ಮೊದಲ ಐದು ವರ್ಷದ್ದು.

ಟೈರುಗಳ ಕಥೆಯೂ ಬೇರೆಯಲ್ಲ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 3521 ಎಂದಿದ್ದರೆ 2021ರ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಆರನೆಯ ವರ್ಷದಲ್ಲಿ ನನ್ನ ಟೈರುಗಳ ಗೆರೆಗಳು ಇನ್ನೂ 4 ಮಿಲಿಮೀಟರ್ ಆಳವಿದ್ದವು, ಹಲವು ದೇಶಗಳ ಕಾನೂನು ಕನಿಷ್ಠವೆಂದು ಹೇಳುವ 1.6 ಮಿಲಿಮೀಟರಿಗಿಂತ ಅದು ಬಹಳ ಹೆಚ್ಚು. ಆದರೂ ಬದಿಯ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು, ಮಳೆಯಲ್ಲಿ ಹಿಡಿತ ತಪ್ಪುತ್ತಿತ್ತು. ಬಿಸಿಲು ಮತ್ತು ಗಾಳಿಯೇ ರಬ್ಬರನ್ನು ಗಡುಸು ಮಾಡುತ್ತವೆ, ಕಾರು ನಿಂತಲ್ಲೇ ನಿಂತಿದ್ದರೂ ಅದು ತಪ್ಪುವುದಿಲ್ಲ. ನಾಲ್ಕನ್ನೂ ಬದಲಿಸಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ಹತ್ತು ವರ್ಷಕ್ಕೆ ನಾಲ್ಕು ಭಾಗ. ಬ್ಯಾಟರಿಯನ್ನು ಎರಡು ಬಾರಿ ಬದಲಿಸಿದ್ದಕ್ಕೆ ಎರಡು ಭಾಗ. ವಾರಗಟ್ಟಲೆ ನಿಲ್ಲಿಸಿದ ಕಾರಿನ ಬ್ಯಾಟರಿ ದಿನವೂ ಓಡುವ ಕಾರಿನದ್ದಕ್ಕಿಂತ ಬೇಗ ಸಾಯುತ್ತದೆ ಎಂಬುದು ಒಂದು ದೀರ್ಘ ರಜೆಯ ನಂತರ ಗೊತ್ತಾಯಿತು. ಪಾರ್ಕಿಂಗ್ ಬಾಡಿಗೆ, ಟೋಲ್, ತೊಳೆಸಿದ್ದು ಇವೆಲ್ಲ ಸೇರಿ ಒಂಬತ್ತು ಭಾಗ, ಅದರಲ್ಲಿ ಬಹುಪಾಲು ಪಾರ್ಕಿಂಗಿನದೇ.

ದೊಡ್ಡ ರಿಪೇರಿಗಳು ಏಳನೆಯ ವರ್ಷದ ನಂತರ ಸಾಲುಗಟ್ಟಿ ಬಂದವು. ಸಸ್ಪೆನ್ಷನ್ನಿನ ಬುಷ್ಷುಗಳು ಮತ್ತು ಮುಂದಿನ ಶಾಕ್ ಅಬ್ಸಾರ್ಬರುಗಳಿಗೆ ಮೂರು ಭಾಗ, ಎಸಿ ಕಂಪ್ರೆಸರಿಗೆ ನಾಲ್ಕು, ಸುಮಾರು 70,000 ಕಿಲೋಮೀಟರಿಗೆ ಕ್ಲಚ್ಚಿಗೆ ನಾಲ್ಕು, ರೇಡಿಯೇಟರ್ ಮತ್ತು ರಬ್ಬರ್ ಪೈಪುಗಳಿಗೆ ಎರಡು, ಚಿಲ್ಲರೆ ಕೆಲಸಗಳಿಗೆ ಒಂದು. ಒಟ್ಟು 14 ಭಾಗ. ನನ್ನ ಎಂಜಿನ್ನಿಗೆ ಟೈಮಿಂಗ್ ಚೈನ್, ಎಂದರೆ ಪಿಸ್ಟನ್ನಿನ ಚಲನೆಗೆ ಹೊಂದುವಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಸರಪಳಿ ಇತ್ತು. ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಅದನ್ನು ಹೇಳಿದ ದೂರಕ್ಕೆ ಅಥವಾ ಹೇಳಿದ ವರ್ಷಕ್ಕೆ ಬದಲಿಸದೆ ಅದು ತುಂಡಾದರೆ, ಹಲವು ವಿನ್ಯಾಸಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಹಳೆಯ ಕಾರು ಕೊಳ್ಳುವವರು ಆ ಕೆಲಸ ಆಗಿದೆಯೇ ಎಂಬುದಕ್ಕೆ ಬಿಲ್ಲು ಕೇಳಲೇಬೇಕು. ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜರಡಿ ಆ ಮಸಿಯನ್ನು ಸುಟ್ಟು ತನ್ನನ್ನು ಶುಚಿ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದು ಹೆದ್ದಾರಿಯ ಓಟದಲ್ಲಿ ಸಿಗುವಷ್ಟು ಸುಲಭವಾಗಿ ನಗರದ ಸಣ್ಣ ಓಡಾಟದಲ್ಲಿ ಸಿಗುವುದಿಲ್ಲ. ಕಡಿಮೆ ಓಡಿಸುವವರು ಡೀಸೆಲ್ ಕೊಳ್ಳಬಾರದೆಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ವಿದ್ಯುತ್ ಕಾರಿನಲ್ಲಿ ಎಂಜಿನ್ ಆಯಿಲು, ಕ್ಲಚ್ಚು ಇಲ್ಲ, ಓಡಿಸುವ ಖರ್ಚೂ ಕಡಿಮೆ. ಆದರೆ ಸವಕಳಿ, ಬಡ್ಡಿ, ವಿಮೆ, ಬ್ರೇಕ್ ಆಯಿಲು, ಟೈರು ಇವು ಅಲ್ಲಿಯೂ ಇವೆ, ಕಾರಿನ ತೂಕ ಹೆಚ್ಚಿರುವುದರಿಂದ ಟೈರು ಇನ್ನೂ ಬೇಗ ಸವೆಯಬಹುದು.

ಏಳನೆಯ ವರ್ಷದಲ್ಲಿ ಒಂದು ಪ್ರಲೋಭನೆ ಎದುರಾಗುತ್ತದೆ. ಸಾಲ ತೀರಿದೆ, ರಿಪೇರಿಗಳು ಬರತೊಡಗಿವೆ, ಇನ್ನು ಈ ಕಾರಿಗೆ ಹಣ ಸುರಿಯುವುದಕ್ಕಿಂತ ಹೊಸದನ್ನು ಕೊಳ್ಳೋಣ ಎಂದು ಎಲ್ಲರೂ ಹೇಳುತ್ತಾರೆ. ನಾನು ಆ ಮಾತನ್ನು ಕೇಳದೆ ಇದ್ದುದು ಈ ಹತ್ತು ವರ್ಷದಲ್ಲಿ ಮಾಡಿದ ಒಳ್ಳೆಯ ನಿರ್ಧಾರ. ಕೊನೆಯ ಮೂರು ವರ್ಷಗಳಲ್ಲಿ ಸವಕಳಿಯಿಂದ ಹೋದದ್ದು 12 ಭಾಗ, ಬಂದ ರಿಪೇರಿಗಳೆಲ್ಲ 14 ಭಾಗ, ಎರಡೂ ಸೇರಿ 26. ಹೊಸ ಕಾರು ಕೊಂಡಿದ್ದರೆ ಮೊದಲ ಮೂರು ವರ್ಷದ ಸವಕಳಿಯೊಂದೇ 39 ಭಾಗ ಆಗುತ್ತಿತ್ತು, ಅದರ ಮೇಲೆ ಸಾಲದ ಬಡ್ಡಿ ಬೇರೆ. ರಿಪೇರಿಯ ಬಿಲ್ಲು ಒಮ್ಮೆಲೇ ಬಂದು ಎದೆಗೆ ತಟ್ಟುತ್ತದೆ, ಸವಕಳಿ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಕಂಡದ್ದಕ್ಕೆ ಹೆದರಿ ಕಾಣದ್ದಕ್ಕೆ ದುಪ್ಪಟ್ಟು ತೆರುವವರು ಬಹಳ ಮಂದಿ.

ಇಂಧನವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದರಲ್ಲಿ ಮುಚ್ಚಿದ್ದು ಏನೂ ಇಲ್ಲ. 84,000 ಕಿಲೋಮೀಟರಿಗೆ 5,600 ಲೀಟರ್ ಪೆಟ್ರೋಲು, 76 ಭಾಗ. ಪಂಪಿನಲ್ಲಿ ಪ್ರತಿ ಬಾರಿಯೂ ಅಂಕಿ ಕಣ್ಣೆದುರೇ ಓಡುವುದರಿಂದ ಜನ ನೆನಪಿಟ್ಟುಕೊಳ್ಳುವ ಖರ್ಚು ಇದೊಂದೇ. ಜರ್ಮನಿಯ ಕಾರು ಮಾಲೀಕರನ್ನು ಕೇಳಿ ನಡೆಸಿ 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕಂಡಿತು: ಇಂಧನದ ಖರ್ಚನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಿದವರು ಸವಕಳಿ, ರಿಪೇರಿ, ತೆರಿಗೆ, ವಿಮೆಗಳು ಸೇರಿದ ಒಟ್ಟು ಖರ್ಚನ್ನು ಬಹಳ ಕಡಿಮೆ ಅಂದಾಜು ಮಾಡಿದ್ದರು. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಎಲ್ಲವನ್ನೂ ಕೂಡಿದರೆ ಹತ್ತು ವರ್ಷದ ಖರ್ಚು 270 ಭಾಗ. ಸವಕಳಿ, ಬಡ್ಡಿ, ಠೇವಣಿಯಿಂದ ಬಾರದ ಹಣ, ವಿಮೆ, ಸರ್ವೀಸು, ಟೈರು, ಬ್ಯಾಟರಿ, ಪಾರ್ಕಿಂಗು ಇವು 180. ಇಂಧನ ಮತ್ತು ರಿಪೇರಿ 90. ಎಂದರೆ ಚಕ್ರ ಒಂದು ಸುತ್ತೂ ತಿರುಗದಿದ್ದರೂ ಆ 120 ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆ ಭಾಗ ಹೋಗುತ್ತಿತ್ತು. ನನ್ನ ಸಾಲದ ಕಂತು ಅದಕ್ಕಿಂತ ಕಡಿಮೆ, ತಿಂಗಳಿಗೆ 1.29 ಭಾಗ ಇತ್ತು. ಆ ಕಂತನ್ನೇ ನಾನು ಕಾರಿನ ಪೂರ್ತಿ ಖರ್ಚೆಂದು ಮನೆಯ ಲೆಕ್ಕದಲ್ಲಿ ಬರೆದುಕೊಂಡಿದ್ದೆ.

ಇದರಿಂದ ಇನ್ನೊಂದು ಉಪಯುಕ್ತ ಅಂಕಿ ಸಿಗುತ್ತದೆ. ಒಂದು ಕಿಲೋಮೀಟರಿನ ನಿಜವಾದ ಖರ್ಚು ಅದಕ್ಕೆ ಸುಟ್ಟ ಪೆಟ್ರೋಲಿನ ಬೆಲೆಯ ಮೂರೂವರೆ ಪಟ್ಟು. ನಾನು ಇದರ ಅರ್ಧದಷ್ಟೇ, 42,000 ಕಿಲೋಮೀಟರ್ ಓಡಿಸಿದ್ದರೆ ಅದು ಸುಮಾರು ಆರು ಪಟ್ಟಾಗುತ್ತಿತ್ತು. ಎರಡರಷ್ಟು ಓಡಿಸಿದ್ದರೆ ಎರಡೂವರೆ ಪಟ್ಟಿಗೆ ಹತ್ತಿರ ಬರುತ್ತಿತ್ತು. ಬಸ್ಸಿನ ಟಿಕೆಟ್ಟನ್ನೋ ಟ್ಯಾಕ್ಸಿಯ ದರವನ್ನೋ ಪೆಟ್ರೋಲಿನ ಬೆಲೆಯೊಂದರ ಜೊತೆಗೆ ಹೋಲಿಸುವವರು ಈ ಗುಣಕವನ್ನು ಮರೆಯುತ್ತಾರೆ. ಕಾರು ಕೊಳ್ಳುವ ಮೊದಲು ಹೋಲಿಸಬೇಕಾದದ್ದು ಪೂರ್ತಿ ಖರ್ಚಿನ ಜೊತೆ. ಕೊಂಡಾದ ಮೇಲೆ ಮಾತು ಬೇರೆಯಾಗುತ್ತದೆ: ಕಾಲದ ಖರ್ಚನ್ನು ಹೇಗೂ ತೆತ್ತಾಗಿದೆ, ಇನ್ನೊಂದು ಓಡಾಟಕ್ಕೆ ಬೇಕಾದದ್ದು ಪೆಟ್ರೋಲು ಮಾತ್ರ, ಆದ್ದರಿಂದ ಕಾರು ತೆಗೆಯುವುದೇ ಅಗ್ಗವೆಂದು ತೋರುತ್ತದೆ, ಅದು ಸುಳ್ಳೂ ಅಲ್ಲ. ಹೀಗೆ ಕಾರು ತಾನು ಇರುವುದರಿಂದಲೇ ತನ್ನ ಓಡಾಟವನ್ನು ಹೆಚ್ಚಿಸಿಕೊಳ್ಳುತ್ತದೆ. ಕಾರು ಕೊಂಡ ಮೊದಲ ವರ್ಷದಲ್ಲಿಯೇ ಒಂದು ಕಿಲೋಮೀಟರ್ ದೂರದ ಅಂಗಡಿಗೆ ನಡೆದು ಹೋಗುವುದನ್ನು ನಾನು ಬಿಟ್ಟಿದ್ದೆ.

ಹಣದ ಜೊತೆಗೆ ಹೋದ ಸಮಯವನ್ನು ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ, ಬರೆಯಬೇಕಿತ್ತು. ಚಿಂತಕ ಇವಾನ್ ಇಲಿಚ್ 1974ರಲ್ಲಿ ಅಮೆರಿಕದ ಸಾಮಾನ್ಯ ಕಾರು ಮಾಲೀಕನ ಬಗ್ಗೆ ಇಂಥದ್ದೊಂದು ಲೆಕ್ಕ ಮಾಡಿದ್ದರು. ಓಡಿಸುವ ಹೊತ್ತು, ನಿಲ್ಲಿಸಲು ಜಾಗ ಹುಡುಕುವ ಹೊತ್ತು, ಕಾರಿನ ಖರ್ಚಿಗಾಗಿ ದುಡಿಯುವ ಹೊತ್ತು ಎಲ್ಲ ಸೇರಿ ಅವನು ವರ್ಷಕ್ಕೆ 1,600ಕ್ಕೂ ಹೆಚ್ಚು ಗಂಟೆ ಕಾರಿಗೆ ಕೊಟ್ಟು 7,500 ಮೈಲಿ ಸಾಗುತ್ತಾನೆ, ಎಂದರೆ ಗಂಟೆಗೆ ಐದು ಮೈಲಿಗಿಂತ ಕಡಿಮೆ ಎಂದು ಅವರು ತೋರಿಸಿದರು. ಇಂದಿನ ಅಂಕಿಗಳು ಬೇರೆಯಾಗಬಹುದು, ಲೆಕ್ಕ ಮಾಡುವ ಕ್ರಮ ಮಾತ್ರ ನನಗೆ ಸರಿಯೆನ್ನಿಸುತ್ತದೆ. ಕಂತಿನ ಒಂದೊಂದು ಭಾಗವೂ ನಾನು ಕಚೇರಿಯಲ್ಲಿ ಕುಳಿತ ಗಂಟೆಗಳೇ.

ಇಷ್ಟೆಲ್ಲ ಹೇಳಿದ ಮೇಲೂ ಆ ಕಾರಿಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ವಸ್ತುವಾಗಿ ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಅದನ್ನು ನಾನು ಕೊಂಡ ರೀತಿಗೆ ಎರಡು ಅಂಕ ಸಾಕು. ಮನೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದು, ಹೊತ್ತಲ್ಲದ ಹೊತ್ತಿನಲ್ಲಿ ಬೇರೆ ವಾಹನ ಸಿಗದ ಕಡೆ ವಾಸಿಸುವವರು, ದಿನವೂ ದೂರ ಹೋಗಿ ಬರುವವರು, ನಾಲ್ಕು ಮಂದಿ ಒಟ್ಟಿಗೆ ಪಯಣಿಸುವವರು ಕಾರು ಕೊಳ್ಳುವುದು ನ್ಯಾಯವೇ. ವಾರಕ್ಕೆರಡು ಬಾರಿ ಹೊರಗೆ ಹೋಗುವವರು, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರೂ ದಾಟದವರು, ಬೇಕೆಂದಾಗ ಬಾಡಿಗೆ ವಾಹನ ಸಿಗುವಲ್ಲಿ ಇರುವವರು ಮಾತ್ರ ಆರು ಪಟ್ಟಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಅಮ್ಮನ ಕಾರಣಕ್ಕೆ ನಮಗೆ ಕಾರು ಬೇಕೇ ಬೇಕು, ಆದ್ದರಿಂದ ಇನ್ನೊಂದನ್ನು ಕೊಂಡಿದ್ದೇನೆ. ಈ ಬಾರಿ ಅದೇ ಮಾದರಿಯ, ಮೂರು ವರ್ಷ ಹಳೆಯ ಕಾರು, 61 ಭಾಗಕ್ಕೆ. ಇನ್ನು ಹತ್ತು ವರ್ಷ ಇಟ್ಟುಕೊಂಡು ಮಾರಿದಾಗ, ಇಳಿತ ಹಿಂದಿನಂತೆಯೇ ಇದ್ದರೆ, 12 ಭಾಗ ಸಿಗಬೇಕು. ಸವಕಳಿ 80ರ ಬದಲು 49 ಆಗುತ್ತದೆ. ರಿಪೇರಿಗಳು ಮೂರು ವರ್ಷ ಮೊದಲೇ ಬರುತ್ತವೆ ಎಂಬುದು ಗೊತ್ತಿರುವುದರಿಂದ ತಿಂಗಳಿಗೆ ಇಷ್ಟೆಂದು ಬೇರೆ ಖಾತೆಯಲ್ಲಿ ಎತ್ತಿಡುತ್ತಿದ್ದೇನೆ. ಕೊಳ್ಳುವ ಮೊದಲು ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಕೆಳಗಿನಿಂದ ಬುಷ್ಷುಗಳನ್ನೂ ಆಯಿಲ್ ಸೋರಿಕೆಯನ್ನೂ ನೋಡಿಸಿದೆ, ಸರ್ವೀಸಿನ ಬಿಲ್ಲುಗಳನ್ನು ಒಂದೊಂದಾಗಿ ಓದಿದೆ, ನಾಲ್ಕು ಟೈರುಗಳ ಮೇಲಿನ ತಾರೀಕನ್ನು ಬರೆದುಕೊಂಡೆ. ಮನೆಗೆ ತಂದ ವಾರವೇ ಬ್ರೇಕ್ ಆಯಿಲನ್ನು ಬದಲಿಸಿದೆವು. ಹೊಸ ನೋಟುಪುಸ್ತಕದ ಮೊದಲ ಸಾಲಿನಲ್ಲಿ ಈಗ ಸವಕಳಿ ಇದೆ, ತಿಂಗಳ ಕೊನೆಗೆ ಅದನ್ನೇ ಮೊದಲು ಬರೆಯುತ್ತೇನೆ.